ಪಾವಲಿ ಮರ್ಯಾದೆ

ಪಾವಲಿ ಎಂದರೆ ಕಾಲು ರೂಪಾಯಿ. ನಾಲ್ಕಾಣೆ ಎಂದರೂ ಅದೇ, ಇಪ್ಪತ್ತೈದು ಪೈಸೆ ಎಂದರೂ ಅದೇ. ಒಂದು ಕಾಲದಲ್ಲಿ ಪಾವಲಿ ಕೊಟ್ಟರೆ ಹೋಟೆಲಿನಲ್ಲಿ ಒಂದು ಪ್ಲೇಟು ಗೋಳಿಬಜೆ ಬರುತ್ತಿತ್ತು, ಜೊತೆಗೆ ಚಟ್ನಿಯನ್ನು ಎರಡು ಸಲ ಕೇಳುವ ಅಧಿಕಾರವೂ ಬರುತ್ತಿತ್ತು. ಆಮೇಲೆ ಅದಕ್ಕೆ ಬೆಂಕಿಪೆಟ್ಟಿಗೆಯೂ ಬಾರದ ಹಾಗಾಯಿತು. ಕಡೆಗೊಂದು ದಿನ ಸರಕಾರವೇ ಇನ್ನು ಇದು ನಡೆಯುವುದಿಲ್ಲ ಎಂದು ಸಾರಿತು. ಅದಾಗಿ ಹದಿನಾಲ್ಕು ವರ್ಷ ಕಳೆಯಿತು. ಮಂಗಳೂರಿನ ಜನ ಸರಕಾರದ ಮಾತುಗಳಲ್ಲಿ ಪೂರ್ತಿ ಪಾಲಿಸಿದ್ದು ಇದೊಂದನ್ನೇ ಎಂದರೂ ತಪ್ಪಾಗಲಾರದು. ಪಾಲಿಸದವನು ಒಬ್ಬನೇ ಒಬ್ಬ, ಕುಲಶೇಖರದ ಟೈಲರ್ ಜಯ.

ಜಯನ ಕಿಸೆಯಲ್ಲಿ ಪಾವಲಿ ಇರಲಿಲ್ಲ, ಬಾಯಿಯಲ್ಲಿ ಇತ್ತು. ಕಂಕನಾಡಿ ಮಾರ್ಕೆಟಿನ ಬದಿಯಲ್ಲಿ ಅವನ ಅಂಗಡಿ. ಗಿರಾಕಿ ತಂದ ಗುಂಡಿ ದೊಡ್ಡದಾದರೆ ಅದು ಪಾವಲಿಯಷ್ಟಗಲ. ಬಟ್ಟೆ ಕಳಪೆಯಾದರೆ ಅದಕ್ಕೆ ಪಾವಲಿ ಬೆಲೆಯಿಲ್ಲ. ಎದುರಂಗಡಿಯವನಿಗೆ ಪಾವಲಿಯಷ್ಟು ಬುದ್ಧಿಯಿಲ್ಲ. ಹೆಂಡತಿ ಗುಲಾಬಿಯ ತಮ್ಮನಿಗೆ ತಲೆಯಲ್ಲಿ ಒಂದು ಪಾವಲಿ ಕಮ್ಮಿ. ಈ ಮಾತು ಅವನಿಗೆ ತಾಯಿ ಕಿನ್ನಿಯಿಂದ ಬಂದದ್ದು. ಎಂಬತ್ತೆಂಟರ ಕಿನ್ನಿ ಈಗಲೂ ಟೀವಿಯಲ್ಲಿ ಯಾರು ಭಾಷಣ ಮಾಡಿದರೂ ಪಾವಲಿ ಲೆಕ್ಕದಲ್ಲೇ ಅವರನ್ನು ಅಳೆಯುತ್ತಾಳೆ. ಆದರೆ ಮುದುಕಿಯ ಮಾತು ಮನೆಯೊಳಗೇ ಉಳಿಯುತ್ತದೆ, ಜಯನ ಮಾತು ಬೀದಿಗೆ ಬೀಳುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಮಾಡಿದವರು ಜಯನಂಥ ಒಬ್ಬನನ್ನು ನೋಡಿಯೇ ಮಾಡಿರಬೇಕು.

ಇದರ ಪೆಟ್ಟು ಬಿದ್ದದ್ದು ಮಗಳು ಅಶ್ಮಿತಾಳಿಗೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ, ಇಪ್ಪತ್ತೊಂಬತ್ತರ ಹುಡುಗಿ. ಮೊದಲ ಸಂಬಂಧದವರು ತಾವು ಬಂದ ಹೊಸ ಕಾರನ್ನು ತೋರಿಸಿದಾಗ ಜಯ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಐದು ವರ್ಷ ಕಳೆದರೆ ಇದಕ್ಕೆ ಪಾವಲಿ ಸಿಗುವುದಿಲ್ಲ ಎಂದಿದ್ದ. ಎರಡನೆಯವರು ಬಂದಾಗ ಅಡುಗೆ ಮನೆಗೆ ಹೋಗಿ ಹೆಂಡತಿಯ ಕಿವಿಯಲ್ಲಿ, ಹುಡುಗನಿಗೆ ಒಂದು ಪಾವಲಿ ಕಮ್ಮಿ ಉಂಟು ಅಂದಿದ್ದ. ಅಡುಗೆ ಮನೆಯ ಕಿಟಕಿ ಚಾವಡಿಗೆ ತೆರೆಯುತ್ತದೆ ಎಂಬುದು ಆ ಮನೆಯಲ್ಲಿ ಮೂವತ್ತು ವರ್ಷ ಬಾಳಿದ ಮೇಲೂ ಅವನಿಗೆ ಹೊಳೆದಿರಲಿಲ್ಲ. ಮೂರನೆಯವನು ರೂಪೇಶ್, ಕುವೈತಿನಲ್ಲಿ ಏಸಿ ಕಂಪೆನಿಯ ಸೂಪರ್‌ವೈಸರ್, ಅಶ್ಮಿತಾ ತಾನೇ ಮೆಚ್ಚಿದ ಹುಡುಗ. ಎರಡು ತಿಂಗಳ ರಜೆಯಲ್ಲಿ ಬಂದಿದ್ದ. ಆ ರಜೆಯೊಳಗೆ ಮದುವೆ ಆಗಬೇಕು, ಇಲ್ಲವಾದರೆ ಇಲ್ಲ.

ರೂಪೇಶನ ಮನೆಯಲ್ಲಿ ಕಡೆಯ ಮಾತು ಅವನ ಸೋದರಮಾವ ಬೋಳಾರದ ದೂಮಪ್ಪನವರದ್ದು. ದೂಮಪ್ಪನವರಿಗೆ ಕಟ್ಟುಕಟ್ಟಳೆ ಎಂದರೆ ಪ್ರಾಣ. ಕಟ್ಟುಕಟ್ಟಳೆ ಉಳಿಸುವ ಸಮಿತಿಯೊಂದಕ್ಕೆ ಅವರೇ ಅಧ್ಯಕ್ಷರು, ಅವರೇ ಕಾರ್ಯದರ್ಶಿ, ಸಭೆಗೆ ಯಾರೂ ಬಾರದಿದ್ದರೆ ಅವರೇ ಸಭಿಕರು. ಸ್ವಂತ ತಮ್ಮನ ಮಗಳ ನಿಶ್ಚಿತಾರ್ಥದಲ್ಲಿ ವೀಳ್ಯದೆಲೆಯ ತೊಟ್ಟು ತಪ್ಪು ದಿಕ್ಕಿಗೆ ತಿರುಗಿತ್ತೆಂದು ಊಟ ಬಿಟ್ಟು ಎದ್ದು ಹೋದವರು. ಆ ಸಂಬಂಧ ಅಲ್ಲಿಗೇ ಮುರಿಯಿತು. ಆ ದಿನದ ಅಡುಗೆ ಬಹಳ ಚೆನ್ನಾಗಿತ್ತಂತೆ.

ಅಂಥವರು ಜಯನ ಚಾವಡಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಮಾತು ತೆಗೆದರು.

"ನೋಡಿ ಜಯಣ್ಣ, ನಮಗೆ ಚಿನ್ನ ಬೇಡ, ದುಡ್ಡು ಬೇಡ, ಎಂತದೂ ಬೇಡ. ನಮ್ಮದು ಒಂದು ಮನೆತನ ಉಂಟು, ಒಂದು ಕಟ್ಟಳೆ ಉಂಟು. ಅದಕ್ಕೆ ಬೆಲೆ ಕಟ್ಲಿಕ್ಕೆ ಆಗ್ತದಾ? ನೀವೇ ಹೇಳಿ."

ಇದು ಉತ್ತರ ಬೇಡದ ಪ್ರಶ್ನೆ. ಇಂಥ ಪ್ರಶ್ನೆಗೆ ಬುದ್ಧಿವಂತರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಜಯ ತಲೆಯಾಡಿಸಿದ ಕೂಡ. ಆದರೆ ಬೆಲೆ ಎಂಬ ಮಾತು ಕಿವಿಗೆ ಬಿದ್ದರೆ ಅವನ ಬಾಯಿ ಅವನನ್ನು ಕೇಳಿ ತೆರೆಯುವುದಿಲ್ಲ.

"ಪಾವಲಿ," ಎಂದ ಜಯ.

ಅಡುಗೆ ಮನೆಯ ಬಾಗಿಲಲ್ಲಿ ಗುಲಾಬಿ ಗೋಡೆ ಹಿಡಿದುಕೊಂಡಳು. ಅಶ್ಮಿತಾ ಕಣ್ಣು ಮುಚ್ಚಿಕೊಂಡಳು, ಮೂರನೆಯ ಸಲ.

"ಎಂತ ಹೇಳಿದ್ರಿ?" ದೂಮಪ್ಪನವರು ಕೇಳಿದರು.

ಜಯ ಎದುರಿನ ಹರಿವಾಣವನ್ನು ನೋಡಿದ. ಅದರಲ್ಲಿ ವೀಳ್ಯದೆಲೆ ಇತ್ತು, ಅಡಿಕೆ ಇತ್ತು. ಮುಳುಗುವವನಿಗೆ ಅಷ್ಟು ಸಾಕು.

"ಅಲ್ಲ ದೂಮಣ್ಣ, ಪಾವಲಿ ಅಂದ್ರೆ ನಮ್ಮಲ್ಲಿ ದೊಡ್ಡ ಮರ್ಯಾದೆ. ದೊಡ್ಡ ಮನುಷ್ಯರು ಮನೆಗೆ ಬಂದ್ರೆ ನನ್ನ ಅಜ್ಜ ಎಲೆಯ ಮೇಲೆ ಒಂದು ಪಾವಲಿ ಇಟ್ಟು ಕೊಡ್ತಿದ್ರು. ಪಾವಲಿ ಮರ್ಯಾದೆ ಅಂತ ಹೇಳುವುದು. ನಿಮ್ಮ ಮಾತು ಕೇಳುವಾಗ ಅದು ನೆನಪಾಯ್ತು."

ಜಯನ ಅಜ್ಜ ತನ್ನ ಜೀವಮಾನದಲ್ಲಿ ಯಾರಿಗಾದರೂ ಏನಾದರೂ ಕೊಟ್ಟದ್ದಕ್ಕೆ ಸಾಕ್ಷಿಯಿಲ್ಲ. ಆದರೆ ಸತ್ತವರು ಎದ್ದು ಬಂದು ಇಲ್ಲ ಎನ್ನುವುದಿಲ್ಲ. ದೂಮಪ್ಪನವರು ಕಿಸೆಯಿಂದ ಡೈರಿ ತೆಗೆದರು.

"ಎಲೆ ಎಷ್ಟು?"

"ಐದು."

"ತೊಟ್ಟು?"

"ಬಂದವರ ಕಡೆಗೆ."

"ಪಾವಲಿ ಅಡಿಕೆಯ ಮೇಲಾ, ಎಲೆಯ ಮೇಲಾ?"

"ಎಲೆಯ ಮೇಲೆ. ಅಡಿಕೆ ಬದಿಗೆ."

ಒಂದು ಅಂಗಿಗೆ ಕಾಲರು ಹಚ್ಚುವಾಗ ಹತ್ತು ಸಲ ಅಳೆಯುವ ಜಯ ಇಲ್ಲಿ ಅಳತೆಯೇ ಇಲ್ಲದೆ ಕತ್ತರಿಸುತ್ತಾ ಹೋದ. ದೂಮಪ್ಪನವರು ಬರೆದು ಮುಗಿಸಿ ಕನ್ನಡಕ ತೆಗೆದರು. "ಅರುವತ್ತೆಂಟು ವರ್ಷದಲ್ಲಿ ಇದನ್ನು ನಾನು ಕೇಳಿದ್ದೇ ಇಲ್ಲ," ಎಂದರು. ಮುಗಿಯಿತು ಎಂದುಕೊಂಡ ಜಯ. ದೂಮಪ್ಪನವರ ಕಣ್ಣು ಒದ್ದೆಯಾಗಿತ್ತು. "ನನಗೇ ಗೊತ್ತಿಲ್ಲ ಅಂದ್ರೆ ಎಷ್ಟು ಹಳೆಯದಿರಬೇಕು ನೋಡಿ. ಮದುವೆಯಲ್ಲಿ ನಮ್ಮ ಕಡೆಯ ಒಬ್ಬೊಬ್ಬರಿಗೂ ಈ ಮರ್ಯಾದೆ ಆಗ್ಬೇಕು ಜಯಣ್ಣ. ಐನೂರು ಜನ. ಅಜ್ಜನ ಕಾಲದ ಪಾವಲಿ ಮನೆಯಲ್ಲಿ ಇರಬೇಕಲ್ಲ?"

"ಉಂಟು," ಎಂದ ಜಯ. "ಒಂದು ಪೆಟ್ಟಿಗೆ."

ಬೀಗರು ಹೋದ ಮೇಲೆ ಗುಲಾಬಿ ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಅಶ್ಮಿತಾ ಕೂಗಲಿಲ್ಲ, ಅಳಲಿಲ್ಲ. ಅಪ್ಪನ ಎದುರಿನ ಕುರ್ಚಿಯಲ್ಲಿ ಕುಳಿತು ಹೇಳಿದಳು. "ಪಪ್ಪ, ನನಗೆ ಈ ಮದುವೆ ಬೇಕು. ಇನ್ನೊಂದು ಸಲ ಸೀರೆ ಉಟ್ಟು ಚಾವಡಿಗೆ ಬರ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಇದು ಸುಳ್ಳು ಅಂತ ಆ ಮಾವನಿಗೆ ಗೊತ್ತಾದ್ರೆ ಮುಗೀತು. ನೀವು ಎಂತ ಮಾಡ್ತೀರೋ ಮಾಡಿ." ಮಗಳನ್ನು ನಗುನಗುತ್ತಾ ಗಂಡನ ಮನೆಗೆ ಕಳಿಸಬೇಕು, ಜಯನಿಗಿದ್ದ ಆಸೆ ಅದೊಂದೇ. ಅದಕ್ಕೆ ಈಗ ಐನೂರು ಪಾವಲಿ ಅಡ್ಡ ನಿಂತಿತ್ತು.

ಮಾರನೆಯ ದಿನ ಬ್ಯಾಂಕಿಗೆ ಹೋದ. ಕೌಂಟರಿನ ಮೇಡಂ ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ.

"ಇಪ್ಪತ್ತೈದು ಪೈಸೆಯದ್ದು ಐನೂರು ಬೇಕಿತ್ತು."

"ಅದು ಇಲ್ಲ."

"ನಾಳೆ ಬರ್ತದಾ?"

"ಅದು ಈಗ ಹಣವೇ ಅಲ್ಲ ಸರ್."

"ಹಣ ನನಗೆ ಬೇಡ ಮೇಡಂ. ಪಾವಲಿ ಬೇಕು."

ಮೇಡಂ ಈಗ ಮುಖ ಎತ್ತಿದರು, ನೋಡಿದರು, ಮ್ಯಾನೇಜರನ್ನು ಕರೆದರು. ಮ್ಯಾನೇಜರು ಒಳ್ಳೆಯವರು, ಜಯನನ್ನು ಕುಳ್ಳಿರಿಸಿ ಯಾತಕ್ಕೆ ಬೇಕು ಎಂದು ಮೆಲ್ಲಗೆ ವಿಚಾರಿಸಿದರು. ಮರ್ಯಾದೆ ಮಾಡ್ಲಿಕ್ಕೆ ಎಂದ ಜಯ. ಅವರು ಸ್ವಲ್ಪ ಹೊತ್ತು ಯೋಚಿಸಿ, ಮರ್ಯಾದೆ ವಿಷಯ ಹೆಡ್ಡಾಫೀಸಿಗೆ ಸೇರಿದ್ದು, ಬಂದದ್ದೇ ಬಂದಿರಿ, ಕೆವೈಸಿ ಅಪ್‌ಡೇಟ್ ಮಾಡಿ ಹೋಗಿ ಎಂದರು. ಜಯ ಮೂರು ಫಾರಂ ತುಂಬಿ, ಎರಡು ಫೋಟೋ ಕೊಟ್ಟು, ಪಾವಲಿಯಿಲ್ಲದೆ ಮನೆಗೆ ಬಂದ.

ನೆರೆಮನೆಯ ಯೂಸ್ಟೇಸ್ ಬೇಲಿಯ ಆಚೆಯಿಂದ ಎಲ್ಲ ಕೇಳಿಸಿಕೊಂಡರು. ಹಡಗಿನಲ್ಲಿ ಫಿಟ್ಟರ್ ಆಗಿ ರಿಟೈರಾದ ಮನುಷ್ಯ, ಪರೋಪಕಾರಿ. "ಜಯಣ್ಣ, ನೀವು ಟೆನ್ಶನ್ ಮಾಡ್ಬೇಡಿ. ನಾನು ಉಂಟಲ್ಲ," ಎಂದರು. ಯೂಸ್ಟೇಸ್ ಹೀಗೆ ಹೇಳಿದ ಮೇಲೆಯೇ ಆ ಬೀದಿಯಲ್ಲಿ ಜನರಿಗೆ ಟೆನ್ಶನ್ ಶುರುವಾಗುವುದು. ಅವರು ತಮ್ಮ ಮೇಜಿನ ಖಾನೆ ಹುಡುಕಿ ಮೂರು ಪಾವಲಿ ಕೊಟ್ಟರು. ಅನಂತರ ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ, ನಮ್ಮ ಜಯಣ್ಣನ ಮಗಳ ಮದುವೆಗೆ ಪಾವಲಿ ಇಲ್ಲ, ಇದ್ದವರು ಕೊಟ್ಟು ಸಹಕರಿಸಬೇಕು ಎಂದು ಬರೆದು, ಕೆಳಗೆ ಎರಡು ಕೈಮುಗಿದ ಚಿತ್ರ ಹಾಕಿದರು.

ಸಂಜೆಯೊಳಗೆ ಇಡೀ ಕುಲಶೇಖರಕ್ಕೆ ಜಯ ಪಾಪರ್ ಆದ ಸುದ್ದಿ ಹಬ್ಬಿತು. ಮೂಲೆಮನೆಯ ಆಗ್ನೆಸ್ ಬಾಯಿ ಬಾಗಿಲಿಗೆ ಬಂದು, ಗುಲಾಬಿಯ ಕೈಯಲ್ಲಿ ಐನೂರರ ನೋಟು ತುರುಕಿ, "ಹಿಂದೆ ಕೊಡುವುದು ಬೇಡ, ನನಗೆ ಗೊತ್ತುಂಟು ಕಷ್ಟ," ಎಂದು ಕಣ್ಣೊರೆಸಿಕೊಂಡು ಹೋದರು. ಇನ್ನೊಬ್ಬರು ಅಕ್ಕಿ ತಂದರು. ಮತ್ತೊಬ್ಬರು ಹಳೆಯ ಮಂಚವನ್ನು ಆಟೋದಲ್ಲಿ ಕಳಿಸಿದರು, ಬಾಡಿಗೆ ಜಯನೇ ಕೊಡಬೇಕಾಯಿತು. ಗಿರಾಕಿಗಳು ಹೊಲಿಯಲು ಕೊಟ್ಟ ಬಟ್ಟೆಯನ್ನು ಹೊಲಿಯದೆಯೇ ವಾಪಸ್ಸು ತೆಗೆದುಕೊಂಡು ಹೋದರು, ಪಾಪರ್ ಆದವನು ಪ್ಯಾಂಟು ಮಾರಿಕೊಂಡರೆ ಯಾರು ಜವಾಬ್ದಾರಿ. ವಾರದ ಕೊನೆಗೆ ಜಯನ ಮನೆಯಲ್ಲಿ ನಾಲ್ಕು ಚೀಲ ಅಕ್ಕಿ, ಒಂದು ಮಂಚ, ನೂರ ನಲುವತ್ತು ಪಾವಲಿ ಇದ್ದವು. ಘೇಂಡಾಮೃಗದ ಚಿತ್ರದ, ತೆಳುವಾದ, ಊದಿದರೆ ಹಾರುವಂಥ ಪಾವಲಿ. ಮರ್ಯಾದೆ ಪೂರ್ತಿ ಹೋಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ಪಾವಲಿಗೆ ಹೋದದ್ದರ ಬಗ್ಗೆ ಹಿರಿಯರು ಏನೂ ಹೇಳಿಟ್ಟಿಲ್ಲ.

ಅಷ್ಟರಲ್ಲಿ ದೂಮಪ್ಪನವರು ಸಮಿತಿಯ ವತಿಯಿಂದ ಎಂಟು ಪುಟದ ಕಿರುಹೊತ್ತಗೆ ಹಂಚಿದ್ದರು. ಹೆಸರು, ಪಾವಲಿ ಮರ್ಯಾದೆ: ಮರೆತುಹೋದ ಒಂದು ಕಟ್ಟಳೆ. ಅದು ಜಯನ ಭಾವ ಸಂಕಪ್ಪನ ಕೈಗೂ ಸಿಕ್ಕಿತು. ಸಂಕಪ್ಪ ಹೊತ್ತಗೆಯನ್ನು ಸುರುಳಿ ಮಾಡಿ ಹಿಡಿದುಕೊಂಡೇ ಬಂದ. ಕುಳಿತುಕೊಳ್ಳಲಿಲ್ಲ.

"ನಿನ್ನ ಮದುವೆಯಲ್ಲಿ ನನಗೆ ಎಲೆ ಕೊಟ್ಟಿ, ಅಡಿಕೆ ಕೊಟ್ಟಿ. ಪಾವಲಿ ಯಾಕೆ ಕೊಡ್ಲಿಲ್ಲ?"

"ಭಾವ, ಅದು ಹಾಗೆಲ್ಲ ಎಂತ ಇಲ್ಲ."

"ಮೂವತ್ತೊಂದು ವರ್ಷ ಆಯ್ತು. ನನಗೆ ಆಗಲೇ ಒಂದು ಡೌಟು ಬಂದಿತ್ತು, ಎಂತದೋ ಒಂದು ಕಮ್ಮಿ ಉಂಟು ಅಂತ. ನಿನ್ನ ಅಕ್ಕನ ಹತ್ರ ಹೇಳಿಯೂ ಹೇಳಿದ್ದೆ. ಅಂದ್ರೆ ನಾನು ಆ ಮರ್ಯಾದೆಗೆ ಲಾಯಕ್ಕು ಅಲ್ಲ, ಅಲ್ವಾ?"

ಒಳಗಿನ ಮಂಚದಿಂದ ಕಿನ್ನಿ ತಲೆ ಎತ್ತಿದಳು. "ಎಂತ ಪಾವಲಿ ಸಂಕಪ್ಪ? ಜಯನ ಅಜ್ಜ, ನನ್ನ ಮಾವನಾ ಕೊಟ್ಟದ್ದು? ಅವರು ಉಗುಳಿದ್ರೂ ಲೆಕ್ಕ ಮಾಡಿ ಉಗುಳ್ತಿದ್ರು." ಆ ಮನೆಯಲ್ಲಿ ಎರಡು ವಾರದಲ್ಲಿ ಆಡಿದ ಮೊದಲ ಸತ್ಯ ಅದು. ಸಂಕಪ್ಪ ನಿಟ್ಟುಸಿರು ಬಿಟ್ಟ. "ಅತ್ತೆಗೆ ಪಾಪ ಮರೆವು ಬಂತು," ಎಂದ. ಅನಂತರ ತನ್ನ ಕಡೆಯ ನೂರಿಪ್ಪತ್ತು ಜನರಿಗೂ ಪಾವಲಿ ಆಗಬೇಕು, ಅದರಲ್ಲಿ ತನ್ನದು ಎರಡು, ಒಂದು ಈಗಿನದ್ದು, ಇನ್ನೊಂದು ಮೂವತ್ತೊಂದು ವರ್ಷದ ಹಿಂದಿನದ್ದು, ಇಲ್ಲವಾದರೆ ತಾನು ಮದುವೆಗೆ ಬರುವುದಿಲ್ಲ ಎಂದು ಹೇಳಿ ಹೋದ.

ಹಂಪನಕಟ್ಟೆಯ ಹತ್ತಿರ ಹಳೆಯ ನಾಣ್ಯ, ಅಂಚೆಚೀಟಿ ಮಾರುವ ಒಂದು ಸಣ್ಣ ಅಂಗಡಿ. ಅದರ ಯಜಮಾನ ಆಶಿಕ್. ಅವನಲ್ಲಿ ನಾನ್ನೂರು ಪಾವಲಿ ಇರುವ ಚೀಲವೊಂದು ಇತ್ತು. ಮೊದಲ ದಿನ ಒಂದಕ್ಕೆ ಎಂಟು ರೂಪಾಯಿ ಎಂದ. ಜಯ ಯೋಚಿಸಿ ಹೇಳುತ್ತೇನೆ ಎಂದು ಬಂದ. ಮಾರನೆಯ ದಿನ ಫೋನು ಮಾಡಿದರೆ ಹನ್ನೆರಡು.

"ಎಂತ ಮಾರಾಯ, ನಿನ್ನೆ ಎಂಟು ಅಲ್ವಾ?"

"ಮಾರ್ಕೆಟು ಏರಿದೆ ಅಣ್ಣ. ಊರಲ್ಲಿ ಯಾರೋ ಪಾವಲಿ ಒಟ್ಟು ಮಾಡ್ತಾ ಇದ್ದಾರಂತೆ. ಕುಲಶೇಖರದ ಕಡೆಯವರಂತೆ."

ಆ ಯಾರೋ ತಾನೇ ಎಂದು ಹೇಳುವ ಧೈರ್ಯ ಜಯನಿಗೆ ಬರಲಿಲ್ಲ. ಹದಿನೈದು ಎಂದ. ಸಂಜೆ ಆಶಿಕ್ ಫೋನು ಮಾಡಿ, ಬೇರೆ ಒಬ್ಬರು ಹದಿನೆಂಟು ಹೇಳಿದ್ದಾರೆ ಎಂದ. ಜಯ ಇಪ್ಪತ್ತು ಎಂದ. ಆ ಬೇರೆಯವರು ಇಪ್ಪತ್ತೈದು ಎಂದರು. ಕಾಲು ರೂಪಾಯಿಗೆ ಇಪ್ಪತ್ತೈದು ರೂಪಾಯಿ. ಮೂವತ್ತಕ್ಕೆ ಮಾತು ನಿಲ್ಲಿಸಿ, ಇವತ್ತೇ ಬರುತ್ತೇನೆ, ಯಾರಿಗೂ ಕೊಡಬೇಡ ಎಂದು ಜಯ ಬಸ್ಸು ಹತ್ತಿದ. ನೂರ ನಲುವತ್ತು ಪಾವಲಿಯನ್ನೂ ಕೈಚೀಲದಲ್ಲಿ ಹಾಕಿಕೊಂಡ, ಹೊಂದಿಸಿ ನೋಡಲಿಕ್ಕೆ.

ಅಂಗಡಿಯ ಸ್ಟೂಲಿನ ಮೇಲೆ ಆ ಬೇರೆಯವರು ಕುಳಿತಿದ್ದರು. ದೂಮಪ್ಪನವರು.

ಇಬ್ಬರೂ ಬೆವರಿದರು. ಮೊದಲು ಸುಧಾರಿಸಿಕೊಂಡವರು ದೂಮಪ್ಪನವರು. "ಮರ್ಯಾದೆ ತೆಗೊಂಡ್ರೆ ತಿರುಗಿ ಕೊಡ್ಬೇಕಲ್ಲ ಜಯಣ್ಣ. ನಿಮ್ಮ ಕಡೆಯವರಿಗೆ ನಾವು ಪ್ರತಿಮರ್ಯಾದೆ ಮಾಡ್ತೇವೆ. ಅದಕ್ಕೆ ಬಂದೆ. ನೀವು ಇಲ್ಲಿ ಎಂತ? ನಿಮ್ಮಲ್ಲಿ ಪೆಟ್ಟಿಗೆ ಉಂಟಲ್ಲ?"

"ಉಂಟು," ಎಂದ ಜಯ. ಹೇಳಬೇಕಾದ್ದೇನು ಎಂದು ಅವನ ತಲೆಗೆ ಹೊಳೆಯುವ ಮೊದಲೇ ಬಾಯಿ ಮುಂದೆ ಹೋಗಿತ್ತು. "ಹೆಚ್ಚಿದ್ದದ್ದನ್ನು ಮಾರುವ ಅಂತ ಬಂದೆ."

"ಮಾರುವುದಾ? ಅಜ್ಜನ ಪಾವಲಿ ಅಂಗಡಿಗೆ ಮಾರುವುದಾ? ಎಷ್ಟು ಉಂಟು ನೋಡುವ."

ಕೈಚೀಲ ಬಾಯಿ ತೆರೆಯಿತು. ದೂಮಪ್ಪನವರು ಒಂದನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಅದರ ಮೇಲೆ ಸಾವಿರದ ಒಂಬೈನೂರ ತೊಂಬತ್ತು ಎಂದು ಅಚ್ಚಾಗಿತ್ತು, ಜಯನ ಅಜ್ಜ ಸತ್ತದ್ದು ಅದಕ್ಕಿಂತ ಇಪ್ಪತ್ತು ವರ್ಷ ಮೊದಲು. ಭಕ್ತಿಯಿದ್ದವರು ಇಸವಿ ನೋಡುವುದಿಲ್ಲ. "ಬೀಗರ ನಡುವೆ ಕ್ರಯ ಎಂತದ್ದು? ನಾನು ಹಾಗೆಯೇ ತೆಗೊಳ್ತೇನೆ. ನಮಗೆ ಇಷ್ಟು ಸಾಕು, ಅಂಗಡಿಯದ್ದು ಇನ್ನು ಬೇಡ," ಎಂದು ಚೀಲವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಆಶಿಕ್ ಜಯನನ್ನು ನೋಡಿದ, ದೂಮಪ್ಪನವರನ್ನು ನೋಡಿದ, ಪಾಪ ಎನಿಸಿರಬೇಕು, ಗಲ್ಲಾಪೆಟ್ಟಿಗೆಯ ಕಡೆ ತಿರುಗಿದ. ಜಯ ಬರಿಗೈಯಲ್ಲಿ ಬಸ್ಸು ಹತ್ತಿದ. ಕಂಡಕ್ಟರು ಚಿಲ್ಲರೆ ಕೇಳಿದಾಗ ಅವನಿಗೆ ಅಳು ಬಂತು.

ಮದುವೆಗೆ ಒಂಬತ್ತು ದಿನ ಇತ್ತು. ನಿದ್ದೆ ಹೋಗಿತ್ತು, ಗಿರಾಕಿಗಳು ಹೋಗಿದ್ದರು, ಗುಲಾಬಿ ಮಾತು ಬಿಟ್ಟಿದ್ದಳು. ಇನ್ನು ಆಗುವುದಿಲ್ಲ ಎಂದು ಜಯ ಸತ್ಯ ಹೇಳುವ ತೀರ್ಮಾನ ಮಾಡಿದ. ಸತ್ಯ ಹೇಳಿ, ಕಾಲು ಹಿಡಿದು, ತಪ್ಪು ನನ್ನದು ಮಗಳದ್ದಲ್ಲ ಎಂದು ಬೇಡಿಕೊಂಡರೆ ದೂಮಪ್ಪನವರೂ ಮನುಷ್ಯರೇ ಅಲ್ಲವೇ. ಬೋಳಾರದಲ್ಲಿ ಬಸ್ಸಿಳಿದು, ಮಂಗಳಾದೇವಿಗೆ ಒಂದು ಕೈಮುಗಿದು, ಅವರ ಮನೆಯ ಮೆಟ್ಟಿಲು ಹತ್ತಿದ.

"ದೂಮಣ್ಣ, ಒಂದು ಹೇಳ್ಲಿಕ್ಕುಂಟು. ಪಾವಲಿ ಮರ್ಯಾದೆ ಅಂತ ಎಂತದೂ ಇಲ್ಲ. ನಾನು ಸುಳ್ಳು ಹೇಳಿದ್ದು."

ದೂಮಪ್ಪನವರು ಕನ್ನಡಕದ ಮೇಲಿನಿಂದ ನೋಡಿದರು. ಸಿಟ್ಟಾಗಲಿಲ್ಲ. ಕಪಾಟಿನಿಂದ ಡೈರಿ ತಂದರು. "ನನ್ನ ಹೊತ್ತಗೆ ಓದಿ ಹದಿನೇಳು ಜನ ಫೋನು ಮಾಡಿದ್ದಾರೆ. ಹದಿನೇಳು ಜನರ ಮನೆಯಲ್ಲಿಯೂ ಅಜ್ಜಂದಿರು ಪಾವಲಿ ಕೊಡ್ತಿದ್ರಂತೆ. ಒಬ್ಬರು ಉಡುಪಿಯವರು, ಹೈಸ್ಕೂಲು ಹೆಡ್‌ಮಾಸ್ಟರ್ ಆಗಿದ್ದವರು. ಇವರೆಲ್ಲ ಸುಳ್ಳು ಹೇಳುವುದಾ?"

"ಹೌದು ದೂಮಣ್ಣ."

"ನೀವೊಬ್ಬರು ಸತ್ಯ ಹೇಳುವುದಾ?"

"ಅಲ್ಲ, ನಾನೂ ಸುಳ್ಳೇ ಹೇಳಿದ್ದು. ಅದನ್ನೇ ಈಗ ಹೇಳ್ತಾ ಇರುವುದು."

"ಸುಳ್ಳು ಹೇಳುವವರು ನೀವು ಅಂತ ನೀವೇ ಹೇಳ್ತೀರಿ. ಹಾಗಾದ್ರೆ ಈಗ ಹೇಳಿದ್ದನ್ನು ನಾನು ನಂಬುವುದು ಹೇಗೆ?"

ಜಯ ಬಾಯಿ ತೆರೆದ. ಪಾವಲಿ ಎಂಬ ಶಬ್ದ ಕೂಡ ಬರಲಿಲ್ಲ. ದೂಮಪ್ಪನವರು ಅವನ ಬೆನ್ನು ತಟ್ಟಿದರು. "ನನಗೆ ಅರ್ಥ ಆಗ್ತದೆ ಜಯಣ್ಣ. ಐನೂರು ಪಾವಲಿ ಕೊಡ್ಲಿಕ್ಕೆ ಮನಸ್ಸು ಬರುವುದಿಲ್ಲ. ಹಿರಿಯರ ಸೊತ್ತು ಅಲ್ವಾ. ಆದ್ರೆ ಒಂದು ಹೇಳ್ತೇನೆ, ಬೇಸರ ಮಾಡ್ಬೇಡಿ. ಕಟ್ಟಳೆಯನ್ನು ಅಲ್ಲಗಳೆದ ಮನೆಯಿಂದ ನಾವು ಹೆಣ್ಣು ತರುವುದಿಲ್ಲ. ಇವತ್ತು ನೀವು ಹೇಳಿದ್ದನ್ನು ನಾನು ಕೇಳ್ಲೇ ಇಲ್ಲ ಅಂತ ಲೆಕ್ಕ." ಎಲೆಯಡಿಕೆಯ ತಟ್ಟೆ ಮುಂದಿಟ್ಟರು. ಎಲೆಯ ಮೇಲೆ ಒಂದು ಪಾವಲಿ ಇತ್ತು, ಜಯನ ಚೀಲದಿಂದ ಹೋದದ್ದೇ.

ಜಯ ಹದಿಮೂರು ವರ್ಷ ದುಡಿಸಿದ, ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಿಷನನ್ನು ಎದುರಂಗಡಿಯವನಿಗೆ ಮಾರಿದ. ಆಶಿಕ್ ನಾನ್ನೂರರ ಚೀಲದ ಜೊತೆ ಬೇರೆ ಊರಿನಿಂದ ಇನ್ನೂರಿಪ್ಪತ್ತೈದು ತರಿಸಿ, ಕಡೆಯಲ್ಲಿ ಒಂದಕ್ಕೆ ಮೂವತ್ತರಲ್ಲಿ ಎರಡು ರೂಪಾಯಿ ಕಮ್ಮಿ ಮಾಡಿದ. ಮೂಗಿಗಿಂತ ಮೂಗುತಿ ಭಾರ ಎಂದು ಕೇಳಿದ್ದ ಜಯ ಅದನ್ನು ಈಗ ಹೊತ್ತುಕೊಂಡು ಮನೆಗೆ ತಂದ.

ಮದುವೆ ಆದಿತ್ಯವಾರ. ಹಾಲಿನ ಬಾಗಿಲಲ್ಲಿ ಹರಿವಾಣ ಹಿಡಿದು ಜಯ ನಿಂತ, ಒಬ್ಬೊಬ್ಬರಿಗೂ ಐದು ಎಲೆ, ಒಂದು ಅಡಿಕೆ, ಒಂದು ಪಾವಲಿ ಕೊಟ್ಟ. ಮುಂಬಯಿಯಿಂದ ಬಂದವರೊಬ್ಬರು ತಿರುಗಿಸಿ ನೋಡಿ, ಇದೆಂತ, ಸಫಾರಿ ಸೂಟಿನ ಬಟನಾ ಎಂದು ಕೇಳಿದರು. ಸಂಕಪ್ಪ ತನ್ನ ಎರಡನ್ನೂ ಎಣಿಸಿ ತೆಗೆದುಕೊಂಡ. ದೂಮಪ್ಪನವರು ಮೈಕಿನಲ್ಲಿ ಇಪ್ಪತ್ತೈದು ನಿಮಿಷ ಈ ಕಟ್ಟಳೆಯ ಮಹತ್ವ ಹೇಳಿದರು. ಧಾರೆ ಆಯಿತು, ಊಟ ಆಯಿತು. ಅಶ್ಮಿತಾ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ವರ್ಷವಾಯಿತು ಎಂದು ಜಯನಿಗೆ ಅನಿಸಿತು.

ಆದರೆ ಊಟ ಮುಗಿಸಿದ ಜನ ಎಲೆ ಅಡಿಕೆಯನ್ನು ಬಾಯಿಗೆ ಹಾಕಿಕೊಂಡು ಪಾವಲಿಯನ್ನು ಏನು ಮಾಡುವುದೆಂದು ತಿಳಿಯದೆ ಬಿಟ್ಟರು. ಕುರ್ಚಿಯ ಕೆಳಗೆ ಪಾವಲಿ, ಕೈತೊಳೆಯುವಲ್ಲಿ ಪಾವಲಿ, ಐಸ್‌ಕ್ರೀಮಿನ ಕಪ್ಪಿನೊಳಗೆ ಪಾವಲಿ. ಹೆಣ್ಣನ್ನು ಕಳಿಸಿಕೊಡುವ ಹೊತ್ತಿಗೆ ದೂಮಪ್ಪನವರ ಕಾಲಿಗೆ ಒಂದು ತಾಗಿತು. ಅವರು ಬಗ್ಗಿ ನೋಡಿದರು, ಸುತ್ತ ನೋಡಿದರು, ನೇರವಾಗಿ ಮೈಕಿಗೆ ಹೋದರು.

"ಮನೆಯ ಮರ್ಯಾದೆ ನೆಲದಲ್ಲಿ ಬಿದ್ದುಂಟು. ಒಂದೇ ಒಂದು ಪಾವಲಿ ನೆಲದಲ್ಲಿ ಇದ್ದರೂ ಮದುಮಗಳು ಹೊಸ್ತಿಲು ದಾಟುವ ಹಾಗಿಲ್ಲ. ಜಯಣ್ಣ, ನಿಮ್ಮ ಅಜ್ಜನ ಕಾಲದಲ್ಲಿ ಹೀಗೆಯೇ ಅಲ್ವಾ?"

"ಹೌದು," ಎಂದ ಜಯ. ಇನ್ನೇನು ಹೇಳಲಿಕ್ಕೂ ಅವನಲ್ಲಿ ಉಸಿರು ಇರಲಿಲ್ಲ.

"ಹೆಕ್ಕುವುದು ಮದುಮಗಳ ಅಪ್ಪ. ನಾಲ್ಕೂವರೆಗೆ ರಾಹುಕಾಲ. ಅದರೊಳಗೆ ಆಗ್ಬೇಕು."

ಗಂಟೆ ಮೂರೂಮುಕ್ಕಾಲು. ಜಯ ತಾನೇ ಹೊಲಿದ ರೇಷ್ಮೆ ಅಂಗಿಯಲ್ಲಿ ಮೊಣಕಾಲೂರಿದ. ಆರುನೂರು ಜನ ಸುತ್ತ ನಿಂತರು. ಬಗ್ಗಿದವರು ಯೂಸ್ಟೇಸ್ ಒಬ್ಬರೇ, ಅವರ ಮೊಣಗಂಟು ಎರಡನೆಯ ಸಾಲಿನಲ್ಲೇ ಹಿಡಿದುಕೊಂಡಿತು. ಉಳಿದವರು ಸಲಹೆ ಕೊಟ್ಟರು. "ಅಲ್ಲಿ ಜಯ, ಅಲ್ಲಿ, ಕಂಬದ ಹಿಂದೆ." "ಆ ಹೆಂಗಸಿನ ಚಪ್ಪಲಿ ಎತ್ತಿಸು." ಸಂಕಪ್ಪ ನಿಂತಲ್ಲಿಂದಲೇ ಬೆರಳು ತೋರಿಸಿ, "ಎಡಕ್ಕೆ, ಎಡಕ್ಕೆ, ಅದು ಬಲ," ಎಂದ. ಜಯ ಮೇಜಿನಡಿಗೆ ನುಗ್ಗಿದ, ಐಸ್‌ಕ್ರೀಮಿಗೆ ಕೈ ಹಾಕಿದ, ಹೆಂಗಸರ ಸೆರಗಿನ ಅಂಚಿನಿಂದ ಬಿಡಿಸಿಕೊಂಡ. ಬೇಗ ಮುಗಿಯಲಿ, ಹುಡುಗಿ ಹೊತ್ತಿಗೆ ಸರಿಯಾಗಿ ಹೊರಡಲಿ, ದೇವರೇ ಒಂದೂ ಕಣ್ಣಿಗೆ ತಪ್ಪದಿರಲಿ ಎಂದು ಬಾಯಲ್ಲೇ ಬೇಡಿಕೊಂಡ.

ನಾಲ್ಕೂಕಾಲಿಗೆ ದೂಮಪ್ಪನವರು ಸಾಲು ಸಾಲು ನೋಡಿ ಬಂದು, ಆಯಿತು ಎಂದರು. ಜಯ ಸೊಂಟ ಹಿಡಿದುಕೊಂಡು ಎದ್ದ. ಎದ್ದು ನಿಂತಾಗ ಮಂಟಪದ ಮೆಟ್ಟಿಲಿನ ಬದಿಯಲ್ಲಿ ಇನ್ನೊಂದು ಕಂಡಿತು. ಹೊರಗೆ ಹೂ ಕಟ್ಟಿದ ಕಾರು ಬಾಗಿಲು ತೆರೆದು ನಿಂತಿತ್ತು. ಗುಲಾಬಿ ಆಗಲೇ ಅಳುತ್ತಿದ್ದಳು. ರೂಪೇಶ್ ಗಡಿಯಾರ ನೋಡುತ್ತಿದ್ದ. ಇದನ್ನು ಹೆಕ್ಕಿದರೆ ಅವಳು ಹೊರಡುತ್ತಾಳೆ, ಬುಧವಾರ ಕುವೈತಿಗೆ ವಿಮಾನ. ಇಷ್ಟು ದಿನ ಪಾವಲಿಯ ಹಿಂದೆ ಓಡಿದವನಿಗೆ ಇದು ಈಗ ಮೊದಲ ಸಲ ತಲೆಗೆ ಹೋಯಿತು. ಜಯ ಎರಡು ಹೆಜ್ಜೆ ಮುಂದೆ ಹೋಗಿ ಆ ಪಾವಲಿಯ ಮೇಲೆ ಕಾಲಿಟ್ಟು ನಿಂತ.

"ಇನ್ನೂ ಒಂದು ಉಂಟು," ಎಂದ ಗಟ್ಟಿಯಾಗಿ. "ಎಲ್ಲಿ ಅಂತ ಗೊತ್ತಾಗುವುದಿಲ್ಲ. ನೋಡ್ಬೇಕು."

ಜನ ಗೊಣಗಿದರು. ಕುರ್ಚಿಗಳನ್ನು ಮತ್ತೆ ಎಳೆದಾಡಿದರು. ಅಶ್ಮಿತಾ ಹಾರ ಹಾಕಿಕೊಂಡೇ ಮಂಟಪದಿಂದ ಇಳಿದು ಅಪ್ಪನ ಹತ್ತಿರ ಬಂದಳು. ದಿನವಿಡೀ ಲ್ಯಾಬಿನ ಗಾಜಿನ ಪಟ್ಟಿಯ ಮೇಲೆ ಕಣ್ಣಿಗೆ ಕಾಣದ್ದನ್ನು ಹುಡುಕುವ ಹುಡುಗಿ ಅವಳು. ಅಪ್ಪನ ಮುಖ ನೋಡಿದಳು, ಕಾಲು ನೋಡಿದಳು.

"ಪಪ್ಪ, ನಿಮ್ಮ ಕಾಲಡಿಯಲ್ಲಿ ಉಂಟು."

"ಗೊತ್ತುಂಟು."

ಅವಳು ಹೆಕ್ಕಲು ಬಗ್ಗಿದಳು.

"ಎರಡು ನಿಮಿಷ ಇರ್ಲಿ ಮಗಾ," ಎಂದ ಜಯ.

ಅಶ್ಮಿತಾ ದೂಮಪ್ಪನವರ ಕಡೆ ತಿರುಗಿ, "ಮಾವ, ಒಂದು ಸಿಗ್ಲಿಲ್ಲ ಅಂತೆ, ನಾನೂ ನೋಡ್ತೇನೆ," ಎಂದು ಕೂಗಿ ಹೇಳಿದಳು. ಅಪ್ಪನ ತೋಳು ಹಿಡಿದುಕೊಂಡು ಪಕ್ಕದಲ್ಲಿ ನಿಂತಳು. ಇಬ್ಬರೂ ದೂರದ ನೆಲವನ್ನು ನೋಡಿದರು. ಜಯನ ಕಣ್ಣಿಗೆ ನೆಲವೇ ಕಾಣುತ್ತಿರಲಿಲ್ಲ. ಅವಳ ಬೆರಳುಗಳು ತೋಳನ್ನು ಬಲವಾಗಿ ಹಿಡಿದಿದ್ದವು, ಸಣ್ಣವಳಿದ್ದಾಗ ರಸ್ತೆ ದಾಟುವಾಗ ಹಿಡಿಯುತ್ತಿದ್ದ ಹಾಗೆ. ದೂಮಪ್ಪನವರು ಒಂದು ಸಲ ಕರೆದರು, ಎರಡು ಸಲ ಕರೆದರು. ಗಂಟೆ ನಾಲ್ಕು ಇಪ್ಪತ್ತೇಳಕ್ಕೆ ಮೂರನೆಯ ಸಲ ಕರೆದಾಗ ಅಶ್ಮಿತಾಳ ಕೈ ಅವನ ತೋಳನ್ನು ಬಿಟ್ಟಿತು.

ಜಯ ಕಾಲು ಎತ್ತಿದ.